ಸೂಜಿಗಲ್ಲು ಇಳಿಸದ ಚೀಲ

ಮರ್ಜಾನಾಳ ಕೈಯೇ ಅವಳ ಗಂಡನನ್ನು ಕೊಂದಿತು ಎಂದು ಗಡಿಯೂರು ದರ್ರಾದ ಬಜಾರಿನಲ್ಲಿ ಮಾತಾಯಿತು. ಮಾತು ಹುಟ್ಟಿಸಿದವನು ಅವಳ ಮೈದುನ ಜನ್ನತ್ ಗುಲ್. ಅಣ್ಣನನ್ನು ಹೂಳಿ ಬಂದ ಮಣ್ಣು ಇನ್ನೂ ಅವನ ಚಪ್ಪಲಿಗೆ ಅಂಟಿತ್ತು. ಊರ ಗಂಡಸರು ಸೇರುವ ಹುಜ್ರಾದ ಜಗಲಿಯಲ್ಲಿ ಎಲ್ಲರ ನಡುವೆ ಕೂತು, ಚಹಾದ ಬಟ್ಟಲು ಕೈಯಲ್ಲಿ ಹಿಡಿದು ಹೇಳಿದನಂತೆ: "ಹೆಣ್ಣಿನ ಕೈ. ತೋಟಾದಾಗ ಮದ್ದು ಹೆಚ್ಚಿಗಿ ಸುರುವಿತ್ತು. ಆಕೀದೂ ತಪ್ಪಂತ ನಾ ಅನ್ನೂದಿಲ್ಲ. ಅಲ್ಲಾ ಬರದಿದ್ದ."

ಮಾತು ಗೋಡೆ ದಾಟಿ ಹೆಂಗಸರ ಅಂಗಳಕ್ಕೆ ಬಂತು. ತಂದವಳು ನೆರೆಮನೆಯ ಬಖ್ತಾ.

"ಮನಸಿಗಿ ಹಚ್ಕೋಬ್ಯಾಡ ಮರ್ಜಾನಾ," ಅಂದಳು. "ಯಾರ ಕೈಯೂ ತಪ್ಪತೈತಿ."

"ನನ್ನ ಕೈ ತಪ್ಪಿಲ್ಲ."

"ಹಂಗಲ್ಲವಾ, ನಾ ಏನಂದೆ..."

"ನೀ ಅಂದದ್ದು ಕೇಳಿದೆ. ಇನ್ನೊಮ್ಮೆ ಅನಬ್ಯಾಡ. ರೊಟ್ಟಿ ಉಂಡು ಹೋಗು."

ಬಖ್ತಾ ರೊಟ್ಟಿ ಉಣ್ಣದೆ ಎದ್ದುಹೋದಳು.

ದರ್ರಾದಲ್ಲಿ ಗಂಡಸರು ಪಿಸ್ತೂಲು ಮಾಡುತ್ತಾರೆ. ಮರ್ಜಾನಾಳ ಮನೆಯಲ್ಲಿ ತೋಟಾ ತುಂಬುತ್ತಿದ್ದರು. ಹಾರಿಸಿ ಬಿದ್ದ ಖಾಲಿ ಚಿಪ್ಪುಗಳನ್ನು ಅವಳ ಗಂಡ ಖಿಯಾಲ್ ಮೀರ್ ತರುತ್ತಿದ್ದ. ತೊಳೆಯುವುದು, ಅಚ್ಚಿಗೆ ಹಾಕಿ ಒತ್ತುವುದು, ಮದ್ದು ತುಂಬಿ ಗುಂಡು ಕೂರಿಸುವುದು ಅವಳ ಕೆಲಸ. ಮದುವೆಯಾಗಿ ಬಂದ ವರ್ಷವೇ ಗಂಡ ಕಲಿಸಿದ್ದ. ಹಳೆಯ ಚಿಪ್ಪೊಂದನ್ನು ಉಜ್ಜಿ ಗಿಡ್ಡ ಮಾಡಿ, ತಂತಿಯ ಹಿಡಿಕೆ ಬೆಸೆದು ಮದ್ದಿನ ಅಳತೆಗೆ ಚಮಚ ಮಾಡಿಕೊಟ್ಟಿದ್ದ, ಒಂದು ತೋಟಾಕ್ಕೆ ಒಂದು ಚಮಚ. ಅಂದಿನಿಂದ ಅದೇ ಚಮಚ. ಮಕ್ಕಳಾಗಲಿಲ್ಲ. ಆ ಮಾತನ್ನೂ ಬಜಾರು ಬಿಟ್ಟಿರಲಿಲ್ಲ.

ಖಿಯಾಲ್ ಮೀರ್ ಹಿತ್ತಾಳೆ ಚಿಪ್ಪು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹಿತ್ತಾಳೆ ಹೇಳಿದ ಮಾತು ಕೇಳುತ್ತದೆ. ಹಾರಿದಾಗ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ, ಗುಂಡಿನ ಬುಡವನ್ನು ಬಿಗಿಯಾಗಿ ಹಿಡಿಯುತ್ತದೆ. ಉಕ್ಕು ಹಾಗಲ್ಲ. ಒಮ್ಮೆ ಹಿಗ್ಗಿದರೆ ಹಿಗ್ಗಿತು. ಒತ್ತಿದರೆ ಬಾಯಿ ಸೀಳುತ್ತದೆ. ಸೀಳದಿದ್ದರೂ ಗುಂಡನ್ನು ಸಡಿಲವಾಗಿ ಹಿಡಿಯುತ್ತದೆ. ಪಿಸ್ತೂಲಿನೊಳಗೆ ಬಡಿದಾಗ ಗುಂಡು ಹಿಂದಕ್ಕೆ ಜಾರಿ ಮದ್ದನ್ನು ಒತ್ತುತ್ತದೆ. ಇಕ್ಕಟ್ಟಾದ ಮದ್ದು ಒಮ್ಮೆಗೇ ಸಿಡಿದು ಗುಂಡಿನ ಜೊತೆ ಪಿಸ್ತೂಲೂ ಹಾರುತ್ತದೆ.

ಗಡಿಯಾಚೆಯ ಯುದ್ಧದಿಂದ ಉಕ್ಕಿನ ಚಿಪ್ಪುಗಳು ಮೂಟೆಗಟ್ಟಲೆ ಬರುತ್ತಿದ್ದವು. ಕೆಲವಕ್ಕೆ ಮೇಲೆ ತಾಮ್ರದ ಲೇಪ. ಹೊಗೆ ಹಿಡಿದು ಕಪ್ಪಾದ ಮೇಲೆ ಕಣ್ಣಿಗೆ ಹಿತ್ತಾಳೆಯೇ. ಅದಕ್ಕೇ ಖಿಯಾಲ್ ಮೀರ್ ಒಡೆದ ರೇಡಿಯೋದಿಂದ ಸೂಜಿಗಲ್ಲು ಕಿತ್ತು, ಚರ್ಮದ ದಾರ ಕಟ್ಟಿ, ಕೆಲಸದ ಮಣೆಯ ಮೇಲಿನ ಮೊಳೆಗೆ ತೂಗುಹಾಕಿದ್ದ. ಬಂದ ಪ್ರತಿ ಚೀಲದೊಳಗೂ ಅದನ್ನು ಇಳಿಸಿ ಆಡಿಸುತ್ತಿದ್ದ. ಉಕ್ಕಿದ್ದರೆ ಜಿಗಣೆಯ ಹಾಗೆ ಅಂಟಿ ಬರುತ್ತಿತ್ತು.

ಆದರೆ ರಕ್ತಸಂಬಂಧಿ ತಂದ ಚೀಲಕ್ಕೆ ದರ್ರಾದಲ್ಲಿ ಯಾರೂ ಸೂಜಿಗಲ್ಲು ಇಳಿಸುವುದಿಲ್ಲ. ಇಳಿಸಿದರೆ ಅವನನ್ನು ಕಳ್ಳ ಎಂದಂತೆ. ಅಲ್ಲಿಗೆ ಸಂಬಂಧ ಮುಗಿಯಿತು.

ಹಿತ್ತಾಳೆಯನ್ನು ಗುಜರಿಯವರು ಪಂಜಾಬಿಗೆ ಸಾಗಿಸತೊಡಗಿದ ಮೇಲೆ ಚಿಪ್ಪು ಸಿಗುವುದೇ ಕಷ್ಟವಾಯಿತು. ಆಗ ಜನ್ನತ್ ಗುಲ್ ಒಂದು ಚೀಲ ತಂದು ಅಂಗಳದಲ್ಲಿ ಇಳಿಸಿದ. "ಎಲ್ಲಾ ಹಿತ್ತಾಳಿ, ಲಾಲಾ. ನಾನ ಆರಿಸೀನಿ," ಅಂದ ಅಣ್ಣನಿಗೆ. ಅಣ್ಣ ಚೀಲದ ಬಾಯಿ ಕಟ್ಟಿದ್ದನ್ನೂ ಬಿಚ್ಚದೆ ಒಳಗೆ ಇಟ್ಟ.

ಮರ್ಜಾನಾ ಒತ್ತಲು ಕೂತಳು. ಅಚ್ಚಿನ ಹಿಡಿಕೆ ಕೈಗೆ ಬಿಗಿಯಾಗಿ ಬಂತು. ಕೆಲವು ಚಿಪ್ಪುಗಳ ಬಾಯಿ ಕೂದಲೆಳೆಯಷ್ಟು ಸೀಳಿತ್ತು. ಗುಂಡು ಕೂರಿಸಿದರೆ ಹೆಬ್ಬೆರಳಿಗೆ ತಿರುಗುತ್ತಿತ್ತು.

"ರೀ, ಸೂಜಿಗಲ್ಲು ಇಳಿಸ್ರಿ," ಅಂದಳು.

"ತಮ್ಮ ತಂದ ಚೀಲಕ್ಕ ಸೂಜಿಗಲ್ಲು ಇಳಸ್ಲೇನು? ಅವನ ಮುಖದ ಮ್ಯಾಲೆ ಉಗುಳಿದಂಗ ಆಗತೈತಿ."

"ಉಗುಳಿಸ್ಕೊಳ್ಳೋ ಮುಖಾನ ಐತಿ ಅದು."

ಖಿಯಾಲ್ ಮೀರ್ ನಕ್ಕ. ಅವನಿಗೆ ಬೇಗ ನಗು ಬರುತ್ತಿತ್ತು. "ಸೀಳಿದ್ದು ನಾ ಆರಿಸಿ ತಗೀತೀನಿ ಬಿಡು. ಉಳಿದದ್ದು ತುಂಬು."

"ಮೊದಲನೇದ್ದು ಹಾರಸಾಂವ ನೀವು. ನಿಮ್ಮ ತಮ್ಮ ಅಲ್ಲ."

"ಮಾಡಿದಾಂವ ಮೊದಲ ಹಾರಸ್ಬೇಕು. ಅದೇನು ಇವತ್ತಿಂದಾ?"

ಇವತ್ತಿನದಲ್ಲ. ಅವನ ಅಪ್ಪ, ಅಜ್ಜ ಎಲ್ಲರೂ ಹಾಗೇ ಮಾಡಿದ್ದರು. ತೋಟಾ ತಂದವನು ಕೊಳ್ಳುವವನ ಎದುರು ಮೊದಲನೆಯದನ್ನು ತಾನೇ ಹಾರಿಸಬೇಕು. ಖಿಯಾಲ್ ಮೀರ್ ಹಾರಿಸಿದ. ಬಜಾರಿನಲ್ಲಿ ದಿನವಿಡೀ ಗುಂಡಿನ ಸದ್ದೇ. ಮರ್ಜಾನಾ ಆ ಸದ್ದಿಗೆ ಹಿಟ್ಟು ನಾದುವ ಕೈ ನಿಲ್ಲಿಸಿದವಳಲ್ಲ. ಅಂದು ನಿಲ್ಲಿಸಿದಳು. ಆ ಸದ್ದು ಮೊಂಡಾಗಿತ್ತು. ಪಿಸ್ತೂಲಿನ ಹಿಂಭಾಗ ಕಿತ್ತು ಅವನ ಹಣೆಗೆ ಬಡಿದಿತ್ತು. ಮನೆಗೆ ತಂದಾಗ ಮುಖಕ್ಕೆ ಪಗಡಿ ಮುಚ್ಚಿದ್ದರು. ಅವಳು ಪಗಡಿ ಸರಿಸಿ ನೋಡಿದಳು. ಯಾರಿಗೂ ತಡೆಯಲು ಧೈರ್ಯವಾಗಲಿಲ್ಲ.

ಹೂಳಿ ಬಂದ ದಿನ ಸಂಜೆ, ಆ ಚೀಲದಲ್ಲಿ ಉಳಿದ ಚಿಪ್ಪುಗಳ ಮೇಲೆ ಸೂಜಿಗಲ್ಲು ಇಳಿಸಿದಳು. ಮುಷ್ಟಿ ತುಂಬ ಅಂಟಿ ಬಂದವು. ಮೈದುನ ಹಿತ್ತಾಳೆಯನ್ನು ಗುಜರಿಗೆ ಮಾರಿ ಅಣ್ಣನ ಮನೆಗೆ ಉಕ್ಕು ತಂದು ಸುರಿದಿದ್ದ. ಅವಳು ಅಳಲಿಲ್ಲ. ಮೈದುನನ ಮೇಲೆ ಬಂದಷ್ಟೇ ಸಿಟ್ಟು ಗಂಡನ ಮೇಲೂ ಬಂತು. ತಮ್ಮನ ಮುಖ ಉಳಿಸಲು ತನ್ನ ಮುಖ ಕೊಟ್ಟವನು. ಸತ್ತವನನ್ನು ಬೈಯಬಾರದು ಅಂತಾರೆ. ಅವಳು ಬೈದಳು. ಮಣೆಯ ಮುಂದೆ ಕೂತು, ಅವನು ಎದುರಿಗಿದ್ದಾನೆ ಎನ್ನುವಂತೆ ಬೈದಳು.

ಯಾರಿಗೆ ಹೇಳಬೇಕು? ಅವಳ ಮಾತನ್ನು ಹುಜ್ರಾಕ್ಕೆ ಒಯ್ಯುವ ಗಂಡಸು ಅಂದರೆ ಮಾವ ಝರೀಫ್ ಬಾಬಾ ಒಬ್ಬರೇ. ಜನ್ನತ್ ಗುಲ್ ಅವರಿಗೆ ಉಳಿದ ಒಬ್ಬನೇ ಮಗ.

ವಿಧವೆ ಹೊರಬರಬಾರದ ಇದ್ದತ್ತಿನ ತಿಂಗಳುಗಳು ಮುಗಿಯುತ್ತಲೇ ಜನ್ನತ್ ಗುಲ್ ಬಂದ. ಹೆಗಲ ಮೇಲೆ ಇನ್ನೊಂದು ಚೀಲ. ಬಾಬಾ ಅಂಗಳದ ಹಗ್ಗದ ಮಂಚದ ಮೇಲೆ ಕೂತಿದ್ದರು.

"ಅತ್ತಿಗಿ, ನೀ ತುಂಬು, ನಾ ಮಾರ್ತೀನಿ," ಅಂದ. "ಇನ್ನ ನಿನ್ನ ಹೆಸರಲೆ ಯಾರೂ ತಗೊಳ್ಳೂದಿಲ್ಲ. ಆದದ್ದು ಆತು. ಈ ಸಲ ಮದ್ದು ಅಷ್ಟು ನೋಡಿ ಸುರುವು."

ಮರ್ಜಾನಾ ಒಲೆಯ ಮೇಲಿನ ಚಹಾ ಇಳಿಸಿದಳು. ಒಳಗೆ ಹೋಗಿ ಎರಡು ತಟ್ಟೆ ತಂದಳು, ಒಂದರಲ್ಲಿ ಒತ್ತಿಟ್ಟ ಹಿತ್ತಾಳೆ ಚಿಪ್ಪು, ಗುಂಡು, ಇನ್ನೊಂದರಲ್ಲಿ ತುಂಬಿದ ತೋಟಾ; ಅಚ್ಚು ತಂದಳು, ಮದ್ದಿನ ಡಬ್ಬಿ ತಂದಳು, ಚಮಚ ತಂದಳು. ಮಾವನ ಮುಂದೆ ಕೂತಳು. ತಲೆಯ ಮೇಲಿನ ಚಾದರ ಸರಿಮಾಡಿಕೊಂಡಳು.

"ಬಾಬಾ, ಇದು ನಿಮ್ಮ ಮಗ ಹೋದ ದಿನದ ಡಬ್ಬಿ. ಇದು ಅದ ಚಮಚ. ನೋಡ್ರಿ."

ಅವರ ಕಣ್ಣೆದುರೇ ಹಿತ್ತಾಳೆ ಚಿಪ್ಪುಗಳಿಗೆ ಮದ್ದು ತುಂಬಿ ಗುಂಡು ಕೂರಿಸಿದಳು. ಮುಗಿಸಿ ತಟ್ಟೆಯನ್ನು ಮುಂದೆ ತಳ್ಳಿದಳು.

"ಹಾರಸ್ರಿ. ನನ್ನ ಕೈ ತಪ್ಪಿದ್ರ ನನ್ನ ಮ್ಯಾಲೆ ಹಾರಸ್ರಿ, ನಾ ಬ್ಯಾಡ ಅನ್ನೂದಿಲ್ಲ."

"ಬಾಬಾ, ಹೆಂಗಸಿನ ಮಾತಿಗಿ..." ಅಂದ ಜನ್ನತ್ ಗುಲ್.

"ಸುಮ್ಮನಿರು," ಅಂದರು ಮುದುಕ.

ತಮ್ಮ ಹಳೆಯ ಪಿಸ್ತೂಲು ತರಿಸಿದರು. ಗೋಡೆಯಾಚೆಯ ಗುಡ್ಡಕ್ಕೆ ಒಂದಾದ ಮೇಲೊಂದು ಹಾರಿಸಿದರು. ಒಂದೂ ತಡವರಿಸಲಿಲ್ಲ. ಬಿದ್ದ ಚಿಪ್ಪುಗಳನ್ನು ಆರಿಸಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

ಮರ್ಜಾನಾ ಎರಡನೆಯ ತಟ್ಟೆಯಿಂದ ಒಂದು ತೋಟಾ ತೆಗೆದಳು. ಖಿಯಾಲ್ ಮೀರ್ ಬಜಾರಿಗೆ ಒಯ್ದ ಕೊನೆಯ ತೋಟಾಗಳಲ್ಲಿ ಉಳಿದದ್ದು. ಮೈದುನನ ಮುಂದೆ ಇಟ್ಟಳು.

"ಈಗ ನೀ ಹಾರಸು. ಅದ ಮದ್ದು, ಅದ ಚಮಚ, ಅದ ಕೈ. ಚಿಪ್ಪು ಅಷ್ಟ ನಿಂದು. ತಂದಾಂವ ಹಾರಸ್ಬೇಕು, ಹೌದಿಲ್ಲೋ?"

ಜನ್ನತ್ ಗುಲ್ ಅದನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳಿಂದ ಗುಂಡನ್ನು ಮುಟ್ಟಿದ. ಅದು ತಿರುಗಿತು. ಬಾಬಾ ಪಿಸ್ತೂಲನ್ನು ಮಗನತ್ತ ಚಾಚಿದರು.

"ಹಾರಸು."

"ಬಾಬಾ, ನನಗ ಮಕ್ಕಳದಾವ."

"ನನಗ ಗಂಡ ಇದ್ದ," ಅಂದಳು ಮರ್ಜಾನಾ.

ಅವನು ತೋಟಾವನ್ನು ಮಂಚದ ಮೇಲೆ ಇಟ್ಟ, ತತ್ತಿ ಇಡುವ ಹಾಗೆ ಮೆಲ್ಲಗೆ. ಬಾಬಾ ಚಾಚಿದ ಕೈ ಹಾಗೇ ಇತ್ತು. ಮುದುಕನ ಕೈ ಸೋಲುವುದು ಕಂಡಿತು. ಆದರೂ ಇಳಿಸಲಿಲ್ಲ. ಕೊನೆಗೆ ಮಗನೇ ಎದ್ದು ಬಾಗಿಲ ಕಡೆ ನಡೆದ.

"ಚೀಲ ತಗೊಂಡು ಹೋಗು," ಅಂದರು ಬಾಬಾ.

ಮರುದಿನ ಅವರು ಹುಜ್ರಾಕ್ಕೆ ಹೋದರು. ಎಲ್ಲರೂ ಕೂತಾಗ ನಿಂತೇ ಹೇಳಿದರಂತೆ: "ನನ್ನ ಸೊಸೀ ಕೈಯಾಗ ತಪ್ಪಿಲ್ಲ. ಚೀಲದಾಗಿತ್ತು. ಚೀಲ ನನ್ನ ಮಗಂದು." ಹೇಳಿ, ಚಹಾ ಮುಟ್ಟದೆ ಮನೆಗೆ ಬಂದರು. ಮಗನನ್ನು ಹಿರಿಯರ ಪಂಚಾಯತಿ ಜಿರ್ಗಾದ ಮುಂದೆ ನಿಲ್ಲಿಸಲಿಲ್ಲ. ಅದು ಅವರಿಂದ ಆಗಲಿಲ್ಲ. ಮರ್ಜಾನಾ ನಿಲ್ಲಿಸಿರೆಂದು ಕೇಳಲೂ ಇಲ್ಲ, ಕ್ಷಮಿಸಲೂ ಇಲ್ಲ. ಬಖ್ತಾ ಬಂದು, "ನನಗ ಮೊದಲ ಗೊತ್ತಿತ್ತು ಬಿಡವಾ," ಅಂದಳು. ಮರ್ಜಾನಾ ಅವಳ ಮುಂದೆ ರೊಟ್ಟಿ ಇಡಲಿಲ್ಲ.

ಕೆಲಸ ಮತ್ತೆ ಶುರುವಾಯಿತು. ಚಿಪ್ಪು ತರುವವರು ಈಗ ಬಾಬಾ. ಮೊದಲ ಚೀಲವನ್ನು ಬೆನ್ನ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿದರು, ಉಸಿರು ಹತ್ತಿತ್ತು. ಮರ್ಜಾನಾ ಒಳಗೆ ಹೋಗಿ ಮೊಳೆಯಿಂದ ಸೂಜಿಗಲ್ಲು ತೆಗೆದಳು. ಮಾವನ ಎದುರೇ ಬಂದು ನಿಂತಳು. ದರ್ರಾದಲ್ಲಿ ಯಾವ ಸೊಸೆಯೂ ಮಾಡದ ಕೆಲಸ. ಆಗಲಿ, ಬೈಯಲಿ ಎಂದೇ ನಿಂತಳು.

ಬಾಬಾ ಅವಳ ಕೈಯನ್ನು ನೋಡಿದರು. ಬಗ್ಗಿ ಚೀಲದ ಹಗ್ಗ ಬಿಚ್ಚಿದರು. ಎರಡೂ ಕೈಯಿಂದ ಬಾಯಿ ಅಗಲಿಸಿ ಹಿಡಿದರು.

ಅವಳು ಸೂಜಿಗಲ್ಲು ಇಳಿಸಿದಳು. ತಳದವರೆಗೆ ಆಡಿಸಿದಳು. ಮೇಲೆತ್ತಿದಾಗ ಏನೂ ಅಂಟಿರಲಿಲ್ಲ.

"ಇನ್ನೊಮ್ಮೆ ನೋಡು, ಮಗಳ," ಅಂದರು.

ಅವಳು ಇನ್ನೊಮ್ಮೆ ಇಳಿಸಿದಳು.