ಮಾತಿಲ್ಲದ ಮತ

ಕ್ಷೌರದಂಗಡಿಯವನಿಗೆ ಊರವರು ಇಟ್ಟ ಹೆಸರು ಹರಟೆಮಲ್ಲ. ಗಿರಾಕಿಯ ಒಂದು ಕೆನ್ನೆ ಬೋಳಿಸಿ ಕಥೆ ತೆಗೆದನೆಂದರೆ, ಇನ್ನೊಂದು ಕೆನ್ನೆಯ ನೊರೆ ಒಣಗಿ ಉದುರಿದರೂ ಅದು ಮುಗಿಯುತ್ತಿರಲಿಲ್ಲ. ಇಂಥವನನ್ನು ಅವನ ಅಕ್ಕ ಬಾಯಿ ತೆರೆಯಬಾರದ ಜಾಗಕ್ಕೆ ಕಳುಹಿಸಬೇಕಾಯಿತು.

ಅಕ್ಕ ಕೊಡೆ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿ ಮುರಿದ ಕಡ್ಡಿ ಜೋಡಿಸುವವಳು. ಹಳೆಯ ಕೆಲಸಗಾರರೆಲ್ಲರ ಹಾಗೆ ಅವಳಿಗೂ ಕಂಪನಿಯಲ್ಲಿ ಒಂದಿಷ್ಟು ಷೇರಿತ್ತು. ಆ ವಿಭಾಗವನ್ನು ಮಾರಿಬಿಡುವ ನಿರ್ಣಯ ವಾರ್ಷಿಕ ಸಭೆಯ ಮುಂದೆ ಬಂದಿತ್ತು; ಮಾರಿದರೆ ಅವಳ ಕೆಲಸಕ್ಕೆ ಎಳ್ಳುನೀರು. ಅದೇ ಹೊತ್ತಿಗೆ ಜಾರಿ ಬಿದ್ದು, ಕಾಲಿಗೆ ಪಟ್ಟಿ ಬಿಗಿಸಿಕೊಂಡು ಮಲಗಿದ್ದಳು. ವಿಧಿಯಿಲ್ಲದೆ ತಮ್ಮನನ್ನೇ ತನ್ನ ಪ್ರತಿನಿಧಿಯಾಗಿ ನೇಮಿಸಿದಳು.

"ನೋಡೋ, ಪ್ರತಿನಿಧಿಗೆ ಅಲ್ಲಿ ಮಾತಿಲ್ಲ, ಮತ ಇದೆ."

"ಒಂದು ದೀರ್ಘ ತಾನೇ ಅಕ್ಕಾ ಹೆಚ್ಚುಕಮ್ಮಿ?"

"ಆ ದೀರ್ಘವೇ ನಿನ್ನ ರೋಗ! ಮೊದಲು ಕೈ ಎತ್ತಿಸಿ ಎಣಿಸ್ತಾರೆ. ಅದರಲ್ಲಿ ಪ್ರತಿನಿಧಿ ಕೈ ಲೆಕ್ಕಕ್ಕಿಲ್ಲ. ಆಗ 'ಮತಪತ್ರ ಕೊಡಿ' ಅನ್ನು. ಅದನ್ನ ಕೇಳೋ ಹಕ್ಕು ನಿನಗಿದೆ. ಚೀಟಿ ಹಾಕಿದ್ರೆ ತಲೆ ಲೆಕ್ಕ ಅಲ್ಲ, ಷೇರಿನ ಲೆಕ್ಕ. ಮಾರೋದಕ್ಕೆ ಮುಕ್ಕಾಲು ಪಾಲು ಒಪ್ಪಿಗೆ ಬೇಕು."

"ಬರೀ ಎರಡೇ ಪದಾನಾ?"

"ಮೂರನೇದು ಬಂತೋ, ನಿನ್ನ ನಾಲಿಗೆಗೂ ಪಟ್ಟಿ ಬಿಗೀತೀನಿ."

ಸಭೆಯಲ್ಲಿ ಅಧ್ಯಕ್ಷರು ನಗುತ್ತಾ, "ಈಗಿನ ಕಾಲದಲ್ಲಿ ಕೊಡೆ ರಿಪೇರಿ ಯಾರ್ರೀ ಮಾಡಿಸ್ತಾರೆ?" ಎಂದರು. ಮಾಡಿಸಿದವರ ಪಟ್ಟಿಯೇ ಹರಟೆಮಲ್ಲನ ಗಂಟಲವರೆಗೆ ಬಂತು. ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ.

"ಹಲ್ಲುನೋವಾ?" ಎಂದರು ಪಕ್ಕದವರು. ಹೌದೆಂದು ತಲೆಯಾಡಿಸಿದ.

ಮುಂದಿನ ಸಾಲುಗಳಲ್ಲಿ ಆಡಳಿತದವರ ನೆಂಟರಿಷ್ಟರ ಕೈಗಳು ಮೇಲೆದ್ದವು. ಅಧ್ಯಕ್ಷರು, "ನಿರ್ಣಯ ಅಂಗೀ..." ಎನ್ನುವಷ್ಟರಲ್ಲಿ ಕರವಸ್ತ್ರ ನೆಲಕ್ಕೆ ಬಿತ್ತು.

"ಮತಪತ್ರ ಕೊಡಿ!"

ಹಾಸಿಗೆ ಹಿಡಿದ ಹಳೆಯ ಕೆಲಸಗಾರರು ಕಳುಹಿಸಿದ್ದ ಪ್ರತಿನಿಧಿಗಳೆಲ್ಲ ತಮಗೂ ಬೇಕೆಂದು ಹಿಂದಿನ ಸಾಲಿನಿಂದ ಎದ್ದು ನಿಂತರು. "ಯಾಕೆ ಬೇಕಂತೆ?" ಎಂದು ಅಧ್ಯಕ್ಷರು ಕೆಣಕಿದರು. ಹರಟೆಮಲ್ಲ ತುಟಿ ಕಚ್ಚಿಕೊಂಡು ನಿಂತ. ಕಾರ್ಯದರ್ಶಿ ನಿಂತವರ ಷೇರುಗಳನ್ನು ಕೂಡಿಸಿ ನೋಡಿ, "ಮತಪತ್ರ ಕೇಳೋಕೆ ಬೇಕಾದಷ್ಟು ಷೇರಿದೆ, ಕೊಡಲೇಬೇಕು ಸಾರ್" ಎಂದರು. ಚೀಟಿಗಳನ್ನು ಹಂಚಿದರು.

ಸಂಜೆ ಮನೆಗೆ ಬಂದವನೇ ಅಕ್ಕನ ಮಂಚದ ಬಳಿ ಕುರ್ಚಿ ಎಳೆದುಕೊಂಡ. "ಬಾಗಿಲಲ್ಲೊಬ್ಬ ಕಾವಲುಗಾರ ಇದ್ದ ನೋಡು ಅಕ್ಕಾ, ಅವನ ಮೀಸೆ..."

"ಮೀಸೆ ಹಾಳಾಗ್ಲಿ! ನಮ್ಮ ವಿಭಾಗ ಉಳೀತೋ, ಹೋಯ್ತೋ?"

"ಅಲ್ಲಿಗೇ ಬರ್ತಿದ್ದೀನಿ. ಆ ಮೀಸೆ..."

ದಿಂಬು ಬಂದು ಮುಖಕ್ಕೆ ಬಡಿಯಿತು.

"ಉಳೀತು ಅಕ್ಕಾ. ಮುಕ್ಕಾಲು ಪಾಲು ಸಿಗಲಿಲ್ಲ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸರಿ, ಈಗ ಹೇಳು," ಎಂದಳು, "ಮೀಸೆ ಹೇಗಿತ್ತು?"