ಗೊಂಬೆಗಳ ಮುಂದೆ ದಿನವಿಡೀ ಬೆಂದ ಹಣ್ಣು

ಬಾಗಿಲು ತೆಗೆದರೆ ಎದುರಿಗೆ ಮಕ್ಕಳ ದಂಡು. ಹೆಸರಿಲ್ಲ, ಪರಿಚಯವಿಲ್ಲ, ಎಲ್ಲವೂ ಒಂದೇ ಉಸಿರಿಗೆ, "ಆಂಟಿ, ಗೊಂಬೆ ಕೂರ್ಸಿದೀರಾ?" ಎಂದು ಕೂಗಿದವು. ನಾನು ಕಣ್ಣು ಕಣ್ಣು ಬಿಟ್ಟೆ. "ನಾವು ಗೊಂಬಿ ಮಾರೂದಿಲ್ಲಪಾ," ಅಂದೆ. ಕಿಸಕ್ಕನೆ ನಕ್ಕವು. "ಇವ್ರ ಮನೇಲಿ ಇಲ್ಲ ಕಣೋ, ಬಾ!" ಎನ್ನುತ್ತ ಗೇಟು ಧಡಾರನೆ ಎಳೆದುಕೊಂಡು ಓಡಿಹೋದವು. ತಿರುಗಿ ನೋಡಿದರೆ ಬಾಗಿಲ ಹಿಂದೆ ನನ್ನ ಮಗಳು ನೀಲಾ ಅಳುತ್ತ ನಿಂತಿದ್ದಳು.

"ಅವರೆಲ್ಲಾ ನಮ್ಮ ಕ್ಲಾಸಿನವರ, ಅವ್ವಾ."

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮವರಿಗೆ ಬಾಗಲಕೋಟೆಯಿಂದ ಮೈಸೂರಿಗೆ ವರ್ಗವಾಗಿ, ಗೋಕುಲಂನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಆಗಿನಿಂದ ದಸರೆಯವರೆಗೆ ನೀಲಾ ಶಾಲೆಯಲ್ಲಿ ಒಬ್ಬಳೇ ಕೂತು ಡಬ್ಬಿ ಉಂಡವಳು. ಮನೆಗೆ ಒಂದು ಮಗುವೂ ಆಡಲು ಬಂದಿರಲಿಲ್ಲ. ಕೊನೆಗೂ ಬಂದವರನ್ನು ನಾನೇ ಬಾಗಿಲಿನಿಂದ ಅಟ್ಟಿದ ಹಾಗಾಯಿತು.

ಪಕ್ಕದಲ್ಲೇ ಇದ್ದ ಮನೆ ಮಾಲೀಕರಾದ ಜಯಮ್ಮನವರ ಬಳಿ ಓಡಿದೆ. ಅವರಿಗೆ ನನಗಿಂತ ದೊಡ್ಡ ಗಾಬರಿ. "ಅಯ್ಯೋ, ನಿಮ್ಮ ಕಡೆ ಗೊಂಬೆ ಕೂರ್ಸೋದೇ ಇಲ್ವೇನ್ರೀ? ಮತ್ತೆ ದಸರಾ ಹೆಂಗ್ ಮಾಡ್ತೀರಿ?" ನಮ್ಮ ಕಡೆ ಮಣ್ಣಿನಲ್ಲಿ ಕಾಳು ಬಿತ್ತಿ ಘಟ್ಟ ಹಾಕುತ್ತೇವೆ, ಕಡೆಯ ದಿನ ಬನ್ನಿ ಎಲೆ ಹಿಡಿದು ಊರೆಲ್ಲ ತಿರುಗುತ್ತೇವೆ, ಜಗಳವಾಡಿದವರ ಮನೆಗೂ ಹೋಗಿ ಬನ್ನಿ ಕೊಟ್ಟು ಕಾಲಿಗೆ ಬೀಳುತ್ತೇವೆ ಎಂದೆ. ಅವರು ಹೌದೇ ಎಂದು ಕೇಳಿಸಿಕೊಂಡು ಒಳಗೆ ಕರೆದರು. ನಡುಮನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆಗಳು, ಎಲ್ಲಕ್ಕಿಂತ ಮೇಲೆ ಮರದ ರಾಜ ರಾಣಿ. ಅವಕ್ಕೆ ಇಲ್ಲಿ ಪಟ್ಟದ ಗೊಂಬೆ ಅನ್ನುತ್ತಾರೆ. ಸಂಜೆ ಮಕ್ಕಳು ಮನೆ ಮನೆಗೂ ಬಂದು ಗೊಂಬೆ ನೋಡುತ್ತವೆ, ಹೋಗುವಾಗ ಕೈಗೆ ತಿಂಡಿ ಕೊಡಬೇಕು. ಅದು ಬೊಂಬೆ ಬಾಗಿನ. ನಮ್ಮಲ್ಲಿ ಬಾಗಿನವೆಂದರೆ ಮುತ್ತೈದೆಯರಿಗೆ ಮೊರದಲ್ಲಿ ಕೊಡುವುದು, ಇಲ್ಲಿ ಚಡ್ಡಿ ಹಾಕಿದ ಹುಡುಗರಿಗೂ ಬಾಗಿನ!

"ತಡ ಏನೂ ಆಗಿಲ್ಲ ಕಣಮ್ಮ, ನಾಳೆ ಕೂರ್ಸಿಬುಡಿ," ಎಂದು ಜಯಮ್ಮ ತಮ್ಮಲ್ಲಿದ್ದ ಹಳೆಯ ಜೋಡಿಯೊಂದನ್ನು ಸೀರೆಯಲ್ಲಿ ಸುತ್ತಿ ಕೊಟ್ಟರು.

ಗೊಂಬೆಯೇನೋ ಬಂತು, ಬಾಗಿನ ಎಲ್ಲಿಂದ ತರುವುದು? ನಮ್ಮ ಗ್ಯಾಸ್ ಮುಗಿದಿತ್ತು. ಊರಿನಿಂದ ವರ್ಗಾಯಿಸಿದ ಕನೆಕ್ಷನ್ ಇನ್ನೂ ಇಲ್ಲಿಗೆ ಮುಟ್ಟಿರಲಿಲ್ಲ. ಸೀಮೆಎಣ್ಣೆ ಸ್ಟವ್ವಿನಲ್ಲಿ ಅನ್ನ ಸಾರು ಆಗುವುದೇ ಪುಣ್ಯ, ಚಕ್ಕುಲಿ ಕರಿಯುವ ಮಾತೇ ಇಲ್ಲ. ಅಂಗಡಿಯಿಂದ ತರೋಣವೆಂದರೆ ಅದು ತಿಂಗಳ ಕೊನೆ.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ಕರೆಂಟಿನ ಗಡಿಗೆ.

ನಮ್ಮ ಮೇಲಿನ ಮನೆಯಲ್ಲಿ ಇಂಗ್ಲೆಂಡಿನ ಹೆಂಗಸೊಬ್ಬಳು ಯೋಗ ಕಲಿಯಲು ಬಂದಿದ್ದಳು. ಒಂದು ದಿನ ಅವಳ ಮನೆಗೆ ಬೀಗ, ಒಳಗಿನಿಂದ ಹಣ್ಣು ಬೇಯುವ ವಾಸನೆ! ಬೆಂಕಿ ಬಿದ್ದಿದೆಯೆಂದು ನಾನು ಓಣಿಯೆಲ್ಲ ಕೇಳುವಂತೆ ಕೂಗಿಕೊಂಡೆ. ಅವಳು ಬಂದು ನಗುತ್ತ ತೋರಿಸಿದಳು: ದಪ್ಪ ಪಿಂಗಾಣಿ ಪಾತ್ರೆ, ಸುತ್ತ ಕರೆಂಟಿನ ಹೊದಿಕೆ, ಮೇಲೆ ಗಾಜಿನ ಮುಚ್ಚಳ. ಸ್ಲೋ ಕುಕ್ಕರ್ ಅಂತೆ. ಬೆಳಿಗ್ಗೆ ಹಣ್ಣು ತುಂಬಿ ಹೊರಟರೆ ಸಂಜೆಗೆ ಸಿಹಿ ಸಿದ್ಧ. ಒಲೆ ಹಚ್ಚಿಟ್ಟು ಮನೆಗೆ ಬೀಗ ಹಾಕುವ ಧೈರ್ಯ ನನಗಂತೂ ಇರಲಿಲ್ಲ. ತನ್ನ ದೇಶಕ್ಕೆ ಹೊರಡುವಾಗ ಅದನ್ನು ನನಗೇ ಬಿಟ್ಟುಹೋದಳು. ನಾನು ಭಯಕ್ಕೆ ಮುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಗೊಂಬೆ ಕೂರಿಸಿ, ಅವುಗಳ ಮುಂದೆಯೇ ಗಡಿಗೆ ಇಟ್ಟೆ. ಮೂಲೆಯ ಗಾಡಿಯವನ ಬಳಿ ಮೆತ್ತಗಾದ ಹಣ್ಣು ಅಗ್ಗಕ್ಕೆ ಸಿಕ್ಕಿತು. ನಮ್ಮ ಪಪ್ಪಾಯಿ ಇಲ್ಲಿ ಪರಂಗಿ, ನಮ್ಮ ಪೇರಲ ಇಲ್ಲಿ ಸೀಬೆ. ಸೀಬೆಯ ಬೀಜ ಹಲ್ಲಿಗೆ ಸಿಗುತ್ತದೆಂದು ಬಿಟ್ಟು, ಪರಂಗಿ, ಅನಾನಸು ಹೆಚ್ಚಿ ಹಾಕಿದೆ. ಬೆಲ್ಲ, ಏಲಕ್ಕಿ, ಒಂದು ಚಿಟಿಕೆ ಶುಂಠಿ ಪುಡಿ. ನೀರು ಹಾಕಲಿಲ್ಲ, ಹಣ್ಣೇ ಬಿಟ್ಟುಕೊಂಡಿತು. ಮಧ್ಯಾಹ್ನ ಕರೆಂಟು ಹೋದಾಗ ಜೀವ ಬಾಯಿಗೆ ಬಂತು, ಆದರೆ ಪಿಂಗಾಣಿ ಕಾವು ಹಿಡಿದುಕೊಂಡಿತ್ತು. ಸಂಜೆ ಬಾಳೆಹಣ್ಣು ಸೇರಿಸಿ, ಮೇಲೆ ಊರಿನಿಂದ ಬಂದಿದ್ದ ಮಾದಲಿ ಉದುರಿಸಿದೆ. ಗೋಧಿ ರೊಟ್ಟಿ ಪುಡಿ ಮಾಡಿ ಬೆಲ್ಲ ಬೆರೆಸಿದ ಅದೇ ನಮ್ಮ ಮಾದಲಿ, ಪರದೇಶದ ಗಡಿಗೆಯಲ್ಲಿ, ಮೈಸೂರಿನ ಹಣ್ಣಿನ ಮೇಲೆ. ರುಚಿ ನೋಡಿ ನಾನೇ ಬೆರಗಾದೆ.

ನೀಲಾ ಗೇಟಿನಲ್ಲಿ ನಿಂತು ಕಾದಳು. ದಂಡು ಬಂತು, ಗೊಂಬೆ ನೋಡಿತು, ಸಾಲಾಗಿ ನಿಂತು ಕೈಯಲ್ಲಿದ್ದ ಪ್ಲಾಸ್ಟಿಕ್ ಕವರುಗಳನ್ನು ನನ್ನ ಮುಂದೆ ಚಾಚಿತು. ಒಳಗೆ ಕೊಬ್ಬರಿ ಮಿಠಾಯಿ, ಕೋಡುಬಳೆ, ಹುರಿಗಡಲೆ. ನನ್ನ ಕೈಯಲ್ಲಿ ಹೊಗೆಯಾಡುವ ಸೌಟು! ಬಾಗಿನ ಒಣಗಿರಬೇಕು, ಕವರಿಗೆ ಹಾಕಿಕೊಂಡು ಮುಂದಿನ ಮನೆಗೆ ಓಡುವಂತಿರಬೇಕು ಎಂದು ನನಗೆ ಯಾರು ಹೇಳಿದ್ದರು?

"ಇದ್ನ ಹೆಂಗ್ ಆಂಟಿ ಕವರ್‌ಗೆ ಹಾಕೋದು?" ಎಂದಳೊಬ್ಬ ಹುಡುಗಿ. ಹಿಂದಿನವರು ಆಗಲೇ ಚಪ್ಪಲಿ ಹುಡುಕತೊಡಗಿದ್ದರು.

ಅಷ್ಟರಲ್ಲಿ ನೀಲಾ ಅಡುಗೆಮನೆಯಿಂದ ಬಟ್ಟಲುಗಳನ್ನು ಎದೆಗವಚಿಕೊಂಡು ಬಂದಳು. ತಿಂಗಳುಗಟ್ಟಲೆ ಶಾಲೆಯಲ್ಲಿ ತುಟಿ ಬಿಚ್ಚದವಳು ಗಟ್ಟಿಯಾಗಿ ಹೇಳಿದಳು:

"ಎಲ್ಲಾರೂ ಕೂಡ್ರಿ. ನಮ್ಮನ್ಯಾಗ ಕೂತ ತಿನ್ನಬೇಕು."

ಮಕ್ಕಳು ಮುಖ ಮುಖ ನೋಡಿಕೊಂಡು ಕೂತವು. ಮಿಕ್ಕ ಮನೆಗಳಲ್ಲಿ ನಿಂತ ಕಾಲಲ್ಲಿ ಓಡಿದವರು ನಮ್ಮಲ್ಲಿ ಬಟ್ಟಲು ನೆಕ್ಕುತ್ತ, ಇನ್ನೊಂದು ಸೌಟು ಬೇಡುತ್ತ, ಜಯಮ್ಮನವರ ರಾಜನಿಗೆ ಮೀಸೆ ಯಾಕಿಲ್ಲ ಎಂದು ಜಗಳವಾಡುತ್ತ ಕತ್ತಲಾಗುವವರೆಗೂ ಉಳಿದರು. ಮರುದಿನ ಬೆಳಿಗ್ಗೆ ಅದೇ ಹುಡುಗಿ ಗೇಟಿನಲ್ಲಿ, "ನೀಲಾ, ಆಟಕ್ಕೆ ಬರ್ತೀಯಾ?" ಎಂದು ಕೂಗಿದಳು. ನನಗೆ ಅಳು ತಡೆಯಲಾಗಲಿಲ್ಲ.

ವಿಜಯದಶಮಿಯ ಸಂಜೆ ಮಾತ್ರ ನಮ್ಮ ಬೀದಿಯಲ್ಲಿ ಯಾರೂ ಬನ್ನಿ ಹಿಡಿದು ಬರಲಿಲ್ಲ. ಎಲ್ಲರೂ ಜಂಬೂಸವಾರಿ ನೋಡಿ ದಣಿದು ಬಂದು ಬಾಗಿಲು ಹಾಕಿಕೊಂಡರು. ನಾನು ಹೊಸ ಸೀರೆ ಉಟ್ಟು ಸುಮ್ಮನೆ ಕಾದೆ.

ಹಾಗಾಗಿ ಮರುವರ್ಷ ಹಟ ಹಿಡಿದು ಹಬ್ಬಕ್ಕೆ ಊರಿಗೇ ಹೋದೆವು. ಬಸ್ಸಿಳಿದ ಸಂಜೆಯೇ ನೀಲಾ ಕೈಯಲ್ಲೊಂದು ಕವರು ಹಿಡಿದು ನಮ್ಮಣ್ಣನ ಮನೆ ಬಾಗಿಲಲ್ಲಿ ನಿಂತು, "ಅತ್ತೆ, ಗೊಂಬೆ ಕೂರ್ಸಿದೀರಾ?" ಎಂದು ಕೇಳಿದಳು. ಅಣ್ಣನ ಹೆಂಡತಿ, ನಮ್ಮ ವೈನಿ, ಕಣ್ಣು ಕಣ್ಣು ಬಿಟ್ಟರು. "ಏನಂತೈತಿ ಈ ಕೂಸು?" ಎಲ್ಲರೂ ನಕ್ಕರು. ನೀಲಾ ತಿರುಗಿ ನನ್ನನ್ನು ನೋಡಿದಳು, ಅವತ್ತು ಬಾಗಿಲ ಹಿಂದಿನಿಂದ ನೋಡಿದ್ದಳಲ್ಲ, ಹಾಗೆಯೇ.

ಬನ್ನಿಯ ದಿನ ನಾನು ಮನಸಾರೆ ತಿರುಗಿದೆ. ಕೊನೆಗೆ ಉಳಿದ ಎಲೆಗಳನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಾಗ ಅವ್ವ, ಯಾರಿಗೆಂದು ಕೇಳಿದಳು.

"ಜಯಮ್ಮಗ. ಮನೀಗೆ ಹೋದಕೂಡ್ಲೆ ಕೊಡಬೇಕು."

ಅವ್ವ ನನ್ನ ಮುಖವನ್ನೇ ನೋಡಿದಳು. "ಹಂಗಾದ್ರ ಇದು ಯಾರ ಮನಿ, ಮಗಳ?"

ನಾನು ಗಂಟು ಬಿಚ್ಚಿ, ಅರ್ಧ ಎಲೆ ತೆಗೆದು ಅವಳ ಕೈಗಿಟ್ಟೆ.