ಮಡಚಿದ ಕಾಲು

ಪಶುವೈದ್ಯನಾಗಿ ಬೀಳಗಿ ತಾಲ್ಲೂಕಿಗೆ ಬಂದ ಮೊದಲ ತಿಂಗಳು, ಗಲಗಲಿಯ ಹೊಳೆದಂಡೆಯಲ್ಲಿ ಈಯಲಾರದೆ ಒದ್ದಾಡುತ್ತಿದ್ದ ಕುರಿಯೊಂದನ್ನು ನೋಡಲು ಹೋದೆ. ಕುರಿ ಸಾಕಿದ್ದ ಮುದುಕಿ ಅದರ ಹೊಟ್ಟೆ ಸವರುತ್ತ ಕೂತಿದ್ದಳು.

"ಮರಿ ಕಾಲು ಹಿಂದಕ್ಕ ಮಡಚೇತ್ರಿ ಸಾಹೇಬ್ರ. ಜಗ್ಗಬ್ಯಾಡ್ರಿ, ನಾ ಸರಿ ಮಾಡ್ತೇನಿ," ಎಂದಳು.

"ಆ ಹೊಲಸ ಕೈ ಹಚ್ಚಬ್ಯಾಡ, ದೂರ ಸರಿ," ಎಂದು ಗದರಿಸಿದೆ. ಪ್ರಾಣಿಗಳ ಹೆರಿಗೆಯ ವಿಷಯದಲ್ಲಿ ನಾನು ಕಾಲೇಜಿಗೇ ಮೊದಲಿಗನಾಗಿದ್ದೆ. ಆದರೆ ಅಲ್ಲಿಯವರೆಗೆ ಒಂದು ಕುರಿಯನ್ನೂ ಕೈಯಾರೆ ಈಯಿಸಿರಲಿಲ್ಲ. ಮರಿಯ ತಲೆ ಹಿಡಿದು ಬಲವಾಗಿ ಎಳೆದೆ. ಒಳಗೆ ಏನೋ ಹರಿದುಹೋಯಿತು. ರಕ್ತ ನಿಲ್ಲಲೇ ಇಲ್ಲ. ಮರಿ ಹೊರಬರುವ ಮೊದಲೇ ತಾಯಿ, ಮರಿ ಎರಡೂ ಸತ್ತವು.

ಮುದುಕಿ ಅಳಲಿಲ್ಲ. ನನ್ನ ಮಣಿಕಟ್ಟು ಹಿಡಿದು ಕೈಯನ್ನು ಸತ್ತ ಕುರಿಯೊಳಗೆ ತಳ್ಳಿದಳು.

"ಈಗರ ಮುಟ್ಟಿ ನೋಡ್ರಿ."

ಮಡಚಿದ ಕಾಲು ಬೆರಳಿಗೆ ಸಿಕ್ಕಿತು. ಪರೀಕ್ಷೆಯಲ್ಲಿ ನಾನು ಅದರ ಚಿತ್ರವನ್ನು ಅಂದವಾಗಿ ಬಿಡಿಸಿ, ಮೊದಲು ಮರಿಯನ್ನು ಒಳಕ್ಕೆ ದಬ್ಬಿ ಕಾಲು ನೇರ ಮಾಡಬೇಕೆಂದು ವಿವರಿಸಿದ್ದೆ.

ಕೈ ತೊಳೆದುಕೊಂಡು ವರದಿ ಬರೆದೆ: ಮಾಲೀಕಳು ಕೈ ಹಾಕಿದ್ದರಿಂದ ಗರ್ಭಕೋಶ ಹರಿದಿದೆ.

ಓದಲು ಬಾರದ ಮುದುಕಿ ಕೇಳಿದಳು, "ಏನ್ ಬರದೀರಿ ಸಾಹೇಬ್ರ?"

"ಆದದ್ದನ್ನ ಬರದೇನಿ," ಎಂದೆ.

ಅವಳು ಹೆಬ್ಬೆಟ್ಟು ಒತ್ತಿದಳು.